ಬೆಟ್ಟದ ತಪ್ಪಲಲ್ಲಿ ಸೈಕಲ್: ಸದ್ದಿಲ್ಲದ ರಸ್ತೆ ಹುಡುಕುವುದು ಹೇಗೆ?

ನಮ್ಮ ವರದಿಗಾರರಿಂದ

ಬೆಂಗಳೂರು: ಭಾನುವಾರ ನಸುಕಿನಲ್ಲಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಸಾಗುವ ಸೈಕಲ್ ಸವಾರರ ಸಾಲು ರಾಜಧಾನಿಯ ನಿವಾಸಿಗಳಿಗೆ ಈಗ ಅಪರೂಪದ ನೋಟವಲ್ಲ. ಬಹುತೇಕರ ಗುರಿ ಒಂದೇ: ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ನಂದಿಬೆಟ್ಟ. ಶಿಖರ ತಲುಪಿದ ಸವಾರನಿಗೆ ಸಿಗುವ ಸಂತೋಷ ದೊಡ್ಡದೇ. ಆದರೆ ಆ ಸಂತೋಷಕ್ಕಾಗಿ ಆತ ದಾಟಬೇಕಾದ ಹೆದ್ದಾರಿ ಮತ್ತು ಬೆಟ್ಟದ ಮೇಲಿನ ವಾರಾಂತ್ಯದ ವಾಹನ ದಟ್ಟಣೆ ಎರಡೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ.

ಇದೇ ಬೆಟ್ಟದ ಸುತ್ತಲೂ ಇನ್ನೊಂದು ಲೋಕವಿದೆ. ಕೆರೆಯ ಏರಿಯ ಮೇಲೆ ಸಾಗಿ, ದ್ರಾಕ್ಷಿ ತೋಟಗಳ ನಡುವೆ ನುಸುಳಿ, ಹಳ್ಳಿಯಿಂದ ಹಳ್ಳಿಗೆ ಹೊರಳುವ ಕಿರಿದಾದ ಡಾಂಬರು ರಸ್ತೆಗಳ ಲೋಕವದು. ಗಂಟೆಗೆ ಬೆರಳೆಣಿಕೆಯ ವಾಹನಗಳು ಮಾತ್ರ ಓಡಾಡುವ ಇಂತಹ ರಸ್ತೆಗಳೇ ಸೈಕಲ್ ಸವಾರಿಗೆ ಹೇಳಿ ಮಾಡಿಸಿದಂತಹವು. ಅವು ಎಲ್ಲಿ ಸಿಗುತ್ತವೆ, ಅವನ್ನು ಗುರುತಿಸುವುದು ಹೇಗೆ, ಏರು-ಇಳಿಜಾರುಗಳು ಸವಾರನಿಂದ ಏನನ್ನು ಬೇಡುತ್ತವೆ ಎಂಬುದರ ಮೇಲೊಂದು ನೋಟ ಇಲ್ಲಿದೆ.

ಹೆದ್ದಾರಿಯ ಲೆಕ್ಕ

ಪ್ರಶಾಂತ ರಸ್ತೆ ಎಂಬುದು ಕೇವಲ ಮನಸ್ಸಿನ ಹಿತದ ಪ್ರಶ್ನೆಯಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ರಾಷ್ಟ್ರೀಯ ಹಾಗೂ ರಾಜ್ಯ ಹೆದ್ದಾರಿಗಳು ದೇಶದ ಒಟ್ಟು ರಸ್ತೆ ಉದ್ದದ ಶೇ. 5ರಷ್ಟು ಮಾತ್ರ. ಆದರೆ ಆ ಸಾವುಗಳಲ್ಲಿ ಶೇ. 60ರಷ್ಟು ಸಂಭವಿಸಿದ್ದು ಇವೇ ಹೆದ್ದಾರಿಗಳಲ್ಲಿ.

ಇದರ ಹಿಂದಿರುವುದು ವೇಗದ ಅಂತರ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವ ಸೈಕಲ್ಲನ್ನು 80 ಕಿ.ಮೀ. ವೇಗದ ಕಾರು ಹಿಂದಿನಿಂದ ಸಮೀಪಿಸುವಾಗ ಎರಡರ ನಡುವಿನ ಅಂತರ 60 ಕಿ.ಮೀ. ಅದೇ ಕಾರು ಹಳ್ಳಿಯ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿದ್ದರೆ ಅಂತರ 20 ಕಿ.ಮೀ. ಮಾತ್ರ. ಡಿಕ್ಕಿಯ ಹೊಡೆತ ವೇಗದ ಅಂತರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅಂತರ ಮೂರು ಪಟ್ಟಾದರೆ ಹೊಡೆತ ಒಂಬತ್ತು ಪಟ್ಟಾಗುತ್ತದೆ. ಅಷ್ಟೇ ಅಲ್ಲ, ಚಾಲಕನಿಗೆ ಸೈಕಲ್ಲನ್ನು ಗಮನಿಸಿ ಪಕ್ಕಕ್ಕೆ ಸರಿಯಲು ಸಿಗುವ ಸಮಯವೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಸ್ವರೂಪವೇ ಬದಲಾಯಿತು. ಹಿಂದೆ 7ನೇ ಸಂಖ್ಯೆಯ, ಈಗ 44ನೇ ಸಂಖ್ಯೆಯ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ವಿಮಾನ ಹಿಡಿಯುವ ಧಾವಂತದ ಟ್ಯಾಕ್ಸಿಗಳು ನಸುಕಿನಲ್ಲೂ ಓಡುತ್ತವೆ. ಸೈಕಲ್ ಸವಾರರು ನಗರ ಬಿಡುವ ಹೊತ್ತೂ ಅದೇ ಎಂಬುದು ಗಮನಾರ್ಹ. ಹೀಗಾಗಿ ಅನುಭವಿ ಸವಾರರಲ್ಲಿ ಅನೇಕರು ಸೈಕಲ್ಲನ್ನು ಕಾರಿನಲ್ಲಿ ದೇವನಹಳ್ಳಿಯವರೆಗೋ ದೊಡ್ಡಬಳ್ಳಾಪುರದವರೆಗೋ ಕೊಂಡೊಯ್ದು ಅಲ್ಲಿಂದ ಸವಾರಿ ಆರಂಭಿಸುತ್ತಾರೆ. ಇದರಲ್ಲಿ ಅವಮಾನಪಡುವಂತಹದ್ದೇನೂ ಇಲ್ಲ.

ಸದ್ದಿಲ್ಲದ ರಸ್ತೆ ಹುಟ್ಟಿದ ಬಗೆ

ಮೂವತ್ತು ವರ್ಷಗಳ ಹಿಂದೆ ಇಂತಹ ಸವಾರಿ ಬಯಸಿದವನಿಗೆ ಎರಡೇ ಆಯ್ಕೆಗಳಿದ್ದವು. ಒಂದು ಹೆದ್ದಾರಿ, ಮತ್ತೊಂದು ಬಂಡಿಜಾಡು. ಈ ಪರಿಸ್ಥಿತಿಯನ್ನು ಬದಲಿಸಿದ್ದರಲ್ಲಿ ಗ್ರಾಮೀಣ ರಸ್ತೆ ಯೋಜನೆಗಳ ಪಾತ್ರ ದೊಡ್ಡದು. ಸರ್ವಋತು ರಸ್ತೆ ಸಂಪರ್ಕವಿಲ್ಲದ ಹಳ್ಳಿಗಳಿಗೆ ರಸ್ತೆ ಒದಗಿಸುವ ಉದ್ದೇಶದಿಂದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್‌ನಲ್ಲಿ ಆರಂಭವಾಯಿತು. ಮುಂದೆ ರಾಜ್ಯ ಸರ್ಕಾರದ 'ನಮ್ಮ ಗ್ರಾಮ ನಮ್ಮ ರಸ್ತೆ' ಯೋಜನೆಯೂ ಅದಕ್ಕೆ ಸೇರಿಕೊಂಡಿತು.

ಕೇಂದ್ರದ ಯೋಜನೆಯ ರಸ್ತೆಗಳು ಸಾಮಾನ್ಯವಾಗಿ ಒಂದೇ ಪಥದವು, ಅಗಲ 3.75 ಮೀಟರ್‌ನಷ್ಟು. ಎದುರುಬದುರಾಗಿ ಎರಡು ಕಾರುಗಳು ಬಂದರೆ ಒಂದು ಮಣ್ಣಿನ ಅಂಚಿಗೆ ಇಳಿಯಲೇಬೇಕು. ವಾಹನ ಚಾಲಕರಿಗೆ ಅನನುಕೂಲ ಎನಿಸುವ ಈ ಕಿರಿದುತನವೇ ಸೈಕಲ್ ಸವಾರನ ರಕ್ಷಾಕವಚ. ಇಲ್ಲಿ ಯಾರಿಗೂ ವೇಗವಾಗಿ ಹೋಗಲು ಸಾಧ್ಯವಿಲ್ಲ. ದೂರದ ಊರಿಗೆ ಹೋಗುವವರಿಗೆ ಇಲ್ಲಿ ಬರುವ ಅಗತ್ಯವೂ ಇಲ್ಲ. ಡೈರಿಗೆ ಹಾಲು ಹಾಕಲು ಹೊರಟ ರೈತ, ಹೂವಿನ ಮೂಟೆ ಹೊತ್ತ ಟೆಂಪೊ, ಶಾಲೆಯ ವ್ಯಾನು, ದಿನಕ್ಕೆ ಕೆಲವೇ ಬಾರಿ ಬರುವ ಸಾರಿಗೆ ಸಂಸ್ಥೆಯ ಬಸ್ಸು: ಇಷ್ಟೇ ಇಲ್ಲಿನ ಸಂಚಾರ.

ಬೆಟ್ಟದ ತಪ್ಪಲಿನಲ್ಲಿ ಇಂತಹ ರಸ್ತೆಗಳು ಹೆಚ್ಚಾಗಿ ಸಿಗಲು ಭೂಗೋಳವೇ ಕಾರಣ. ದೂರದ ಊರುಗಳನ್ನು ಜೋಡಿಸುವ ಹೆದ್ದಾರಿ ಬಯಲಿನಲ್ಲಿ ನೇರ ದಾರಿಯನ್ನು ಆರಿಸಿಕೊಂಡು ಬೆಟ್ಟಸಾಲನ್ನು ಬಳಸಿ ಹೋಗುತ್ತದೆ. ಬೆಟ್ಟದ ಬುಡದ ಹಳ್ಳಿಗಳಿಗೆ ಉಳಿಯುವುದು ಒಳರಸ್ತೆಗಳು ಮಾತ್ರ. ಇವು ನೀರಿನ ಹಾದಿಯನ್ನು ಅನುಸರಿಸುತ್ತವೆ. ಗುಡ್ಡದಿಂದ ಇಳಿದ ಹಳ್ಳಕ್ಕೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಕೆರೆ, ಕೆರೆಯ ಏರಿಯ ಮೇಲೆ ರಸ್ತೆ, ಏರಿ ಮುಗಿದೊಡನೆ ಒಂದು ಸಣ್ಣ ದಿಣ್ಣೆ, ದಿಣ್ಣೆಯ ಆಚೆ ಮತ್ತೊಂದು ಕೆರೆ. ಸಮತಟ್ಟು, ಏರು, ಇಳಿಜಾರು ಎಂಬ ಈ ಆವರ್ತನೆಯೇ ತಪ್ಪಲಿನ ಸವಾರಿಯ ಲಯ.

ನಂದಿಯ ಸುತ್ತಮುತ್ತ

ನಂದಿಬೆಟ್ಟ ಒಂಟಿ ಬೆಟ್ಟವಲ್ಲ. ಸ್ಕಂದಗಿರಿ, ಚನ್ನಗಿರಿ ಮೊದಲಾದ ಗಿರಿಗಳ ಗುಂಪಿನಲ್ಲಿ ಅದೂ ಒಂದು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನದಿಗಳ ಉಗಮ ಇದೇ ಬೆಟ್ಟಸಾಲಿನಲ್ಲಿ. ಈ ಗಿರಿಗಳ ನಡುವಿನ ಕಣಿವೆಗಳಲ್ಲಿ ದ್ರಾಕ್ಷಿ, ಹಿಪ್ಪುನೇರಳೆ, ಗುಲಾಬಿ, ರಾಗಿ ಬೆಳೆಯುತ್ತಾರೆ. 'ಬೆಂಗಳೂರು ನೀಲಿ' ದ್ರಾಕ್ಷಿ ಹಾಗೂ ದೇವನಹಳ್ಳಿಯ ಚಕ್ಕೋತ ಎರಡೂ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬೆಳೆಗಳು.

ಬೆಟ್ಟ ಹತ್ತದೆಯೇ ಇಲ್ಲಿ ಇಡೀ ಬೆಳಗನ್ನು ಕಳೆಯಬಹುದು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಒಂಬತ್ತನೇ ಶತಮಾನದಷ್ಟು ಹಿಂದಿನ ಭಾಗಗಳನ್ನು ಒಳಗೊಂಡ ಭೋಗನಂದೀಶ್ವರ ದೇವಾಲಯವಿದೆ. ಅಲ್ಲಿಂದ ಚಿಕ್ಕಬಳ್ಳಾಪುರದ ಕಡೆಗೆ ಸಾಗಿದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ಬೆಟ್ಟದ ಪಶ್ಚಿಮಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ, ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗದ ಪರಿಸರ. ಇಲ್ಲಿನ ಗುಡ್ಡಗಳು ಗಿಡ್ಡ, ಏರುಗಳು ಚಿಕ್ಕವು. ಹೊಸಬರ ಕಾಲು ಮತ್ತು ಉಸಿರು ಎರಡಕ್ಕೂ ಹೊಂದುವ ಪ್ರದೇಶ ಇದು.

ಬೆಟ್ಟ ಹತ್ತುವ ರಸ್ತೆಯ ಮೇಲಷ್ಟೇ ಕಣ್ಣಿಟ್ಟವರಿಗೆ 2021ರ ಆಗಸ್ಟ್ ತಿಂಗಳು ಒಂದು ಪಾಠ ಕಲಿಸಿತು. ಭಾರಿ ಮಳೆಯಿಂದ ಗುಡ್ಡ ಕುಸಿದು ನಂದಿಬೆಟ್ಟದ ರಸ್ತೆ ಕೊಚ್ಚಿಹೋಯಿತು. ದುರಸ್ತಿ ಮುಗಿಯುವವರೆಗೆ ತಿಂಗಳುಗಟ್ಟಲೆ ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ. ಶಿಖರಕ್ಕೆ ಇರುವುದು ಒಂದೇ ರಸ್ತೆ. ತಪ್ಪಲಿನಲ್ಲಾದರೋ ಒಂದು ಮುಚ್ಚಿದರೆ ಹತ್ತು.

ನಾಲ್ಕು ಪರೀಕ್ಷೆಗಳು

ನಕ್ಷೆಯಲ್ಲಿ ತೆಳುಗೆರೆಯಾಗಿ ಕಾಣುವ ರಸ್ತೆಗಳೆಲ್ಲ ಪ್ರಶಾಂತವಾಗಿರುವುದಿಲ್ಲ. ಹೊರಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಈ ರಸ್ತೆ ಯಾರಿಗಾದರೂ ಅಡ್ಡದಾರಿಯೇ? ಎರಡು ತಾಲ್ಲೂಕು ಕೇಂದ್ರಗಳನ್ನು ಹೆದ್ದಾರಿಗಿಂತ ಕಡಿಮೆ ದೂರದಲ್ಲಿ ಜೋಡಿಸುವ ರಸ್ತೆ ಎಷ್ಟೇ ಕಿರಿದಾಗಿದ್ದರೂ ಗಡಿಬಿಡಿಯ ವಾಹನಗಳನ್ನು ಸೆಳೆಯುತ್ತದೆ. ಸುಂಕದ ಕಟ್ಟೆಯನ್ನು ತಪ್ಪಿಸುವ ದಾರಿಯೂ ಅಂತೆಯೇ. ಸುತ್ತಿಬಳಸಿ ಹೋಗುವ ರಸ್ತೆಯೇ ಸವಾರನಿಗೆ ಮೇಲು.

ಎರಡನೆಯದು, ದಾರಿಯಲ್ಲಿ ಕಲ್ಲು ಗಣಿ ಅಥವಾ ಜಲ್ಲಿ ಕ್ರಷರ್ ಇದೆಯೇ? ಚಿಕ್ಕಬಳ್ಳಾಪುರ ಜಿಲ್ಲೆಯ ಗುಡ್ಡಗಳಲ್ಲಿ ಇವು ಸಾಕಷ್ಟಿವೆ. ಉಪಗ್ರಹ ಚಿತ್ರದಲ್ಲಿ ಗುಡ್ಡದ ಪಕ್ಕ ಬಿಳಿಯ ಗಾಯದಂತೆ ಕಾಣುವ ಜಾಗವನ್ನು ಗುರುತಿಸಿದರೆ ಟಿಪ್ಪರ್‌ಗಳ ಹಾದಿ ತಿಳಿದಂತೆ. ಟಿಪ್ಪರ್‌ನಿಂದ ಉದುರಿದ ಜಲ್ಲಿ, ಅದರ ಭಾರಕ್ಕೆ ಕುಸಿದ ಡಾಂಬರು, ಎದ್ದ ಧೂಳು ಮೂರೂ ಸೈಕಲ್ಲಿಗೆ ವೈರಿಗಳು.

ಮೂರನೆಯದು, ಇಂದು ಜಾತ್ರೆಯೇ? ಘಾಟಿಯಲ್ಲಿ ಚಳಿಗಾಲದ ದನಗಳ ಜಾತ್ರೆ, ನಂದಿಯಲ್ಲಿ ಶಿವರಾತ್ರಿಯ ಸಂಭ್ರಮ. ಇಂತಹ ದಿನಗಳಲ್ಲಿ ವರ್ಷವಿಡೀ ಮೌನವಾಗಿದ್ದ ರಸ್ತೆಯಲ್ಲೂ ಜನಸಾಗರ. ಮದುವೆಯ ಮುಹೂರ್ತಗಳು ಹೆಚ್ಚಿರುವ ತಿಂಗಳುಗಳಲ್ಲಿ ಕಲ್ಯಾಣ ಮಂಟಪಗಳಿರುವ ರಸ್ತೆಯನ್ನು ಬಿಡುವುದು ಲೇಸು.

ನಾಲ್ಕನೆಯದು, ನಕ್ಷೆ ಎಷ್ಟು ಹಳೆಯದು? ತಪ್ಪಲಿನ ರಸ್ತೆಗಳ ಸ್ವಭಾವ ಬಹುಬೇಗ ಬದಲಾಗುತ್ತದೆ. ಚಿಕ್ಕಬಳ್ಳಾಪುರದ ಬಳಿ ಆವಲಗುರ್ಕಿಯಲ್ಲಿ 2023ರ ಜನವರಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಆ ದಿಕ್ಕಿನ ರಸ್ತೆಗಳಲ್ಲಿ ಪ್ರವಾಸಿಗರ ವಾಹನಗಳ ಓಡಾಟ ಹೆಚ್ಚಿತು. ಮೂರು ವರ್ಷ ಹಳೆಯ ಅನುಭವವನ್ನು ನಂಬಿ ಹೊರಟವರಿಗೆ ನಿರಾಸೆಯಾದರೆ ಅಚ್ಚರಿಯಿಲ್ಲ.

ಏರಿನ ಲೆಕ್ಕ, ಗಿಯರಿನ ಲೆಕ್ಕ

ರಸ್ತೆಯ ಏರನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ರೂಢಿ. ನೂರು ಮೀಟರ್ ಮುಂದೆ ಸಾಗುವಷ್ಟರಲ್ಲಿ ಐದು ಮೀಟರ್ ಮೇಲೇರಿದರೆ ಅದು ಶೇ. 5ರ ಏರು. ತಪ್ಪಲಿನ ರಸ್ತೆಗಳಲ್ಲಿ ಶೇ. 2ರಿಂದ 4ರ ಏರು ಸಾಮಾನ್ಯ. ದಿಣ್ಣೆಗಳಲ್ಲಿ ಅಲ್ಪ ದೂರ ಶೇ. 8 ದಾಟುವುದುಂಟು. ನಂದಿಬೆಟ್ಟದ ಏರು ಏಳೆಂಟು ಕಿ.ಮೀ. ಉದ್ದಕ್ಕೂ ಬಿಡುವಿಲ್ಲದೆ ಸಾಗುತ್ತದೆ. ವ್ಯತ್ಯಾಸ ಇರುವುದು ಇಲ್ಲಿಯೇ. ತಪ್ಪಲಿನಲ್ಲಿ ಪ್ರತಿ ಏರಿನ ನಂತರ ಉಸಿರಾಡಲು ಬಿಡುವುಂಟು.

ಸಮತಟ್ಟಾದ ನೆಲದಲ್ಲಿ ಸವಾರನ ಮುಖ್ಯ ಎದುರಾಳಿ ಗಾಳಿ. ಏರಿನಲ್ಲಿ ಗುರುತ್ವಾಕರ್ಷಣೆ. ಸವಾರ ಹಾಗೂ ಸೈಕಲ್ ಸೇರಿ 80 ಕಿಲೋ ತೂಕವಿದೆ ಎಂದಿಟ್ಟುಕೊಳ್ಳೋಣ. ಶೇ. 8ರ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಸಾಗಲು ಸುಮಾರು 150 ವಾಟ್ ಶಕ್ತಿ ಬೇಕು. ಅದೇ ಏರನ್ನು ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 220 ವಾಟ್ ಬೇಕಾಗುತ್ತದೆ. ಮೊದಲನೆಯದು ಅಭ್ಯಾಸವಿರುವ ಸಾಮಾನ್ಯನಿಗೂ ಸಾಧ್ಯ. ಎರಡನೆಯದು ಚೆನ್ನಾಗಿ ಪಳಗಿದವರಿಗಷ್ಟೇ ಹೆಚ್ಚು ಹೊತ್ತು ಸಾಧ್ಯ.

ಹಾಗಾದರೆ ನಿಧಾನವಾಗಿ ಹತ್ತಿದರಾಯಿತಲ್ಲ ಎನ್ನಬಹುದು. ಆದರೆ ನಿಧಾನವಾಗಿ ಹತ್ತಲು ಅದಕ್ಕೆ ತಕ್ಕ ಗಿಯರ್ ಇರಬೇಕು. ಪೆಡಲ್ ಬಳಿಯ ಹಲ್ಲಿನ ಚಕ್ರದಲ್ಲಿ 34 ಹಲ್ಲು, ಹಿಂದಿನ ಚಕ್ರದ ದೊಡ್ಡ ಬಿಲ್ಲೆಯಲ್ಲಿ 32 ಹಲ್ಲು ಇದ್ದರೆ, ನಿಮಿಷಕ್ಕೆ 60 ಸುತ್ತು ತುಳಿದಾಗ ಸೈಕಲ್ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಹಳೆಯ ಮಾದರಿಯ ರೇಸಿಂಗ್ ಸೈಕಲ್ಲಿನಂತೆ 39 ಮತ್ತು 25 ಹಲ್ಲುಗಳಿದ್ದರೆ ಅದೇ ತುಳಿತಕ್ಕೆ ವೇಗ ಸುಮಾರು 12 ಕಿ.ಮೀ. ಅಂದರೆ ಎರಡನೆಯ ಸೈಕಲ್ಲಿನ ಸವಾರ 220 ವಾಟ್ ಒದಗಿಸಲೇಬೇಕು, ಇಲ್ಲವೇ ನಿಮಿಷಕ್ಕೆ 40 ಸುತ್ತಿನಂತೆ ಮೈಯೆಲ್ಲ ಹಿಂಡಿ ತುಳಿಯಬೇಕು. ಮಂಡಿನೋವು ಆರಂಭವಾಗುವುದು ಹೀಗೆಯೇ. ಸೈಕಲ್ ಕೊಳ್ಳುವಾಗ ಬಣ್ಣ, ತೂಕಗಳಿಗಿಂತ ಮೊದಲು ಅತಿ ಹಗುರ ಗಿಯರ್‌ನ ಹಲ್ಲುಗಳನ್ನು ಎಣಿಸಬೇಕು ಎಂದು ಬಲ್ಲವರು ಹೇಳುವುದು ಇದಕ್ಕಾಗಿ.

ವೇಗವೇ ಸರ್ವಸ್ವವಲ್ಲ ಎಂಬುದಕ್ಕೆ 'ಬ್ರೆವೆ' ಎಂಬ ದೂರದ ಸವಾರಿಗಳ ನಿಯಮವೇ ಸಾಕ್ಷಿ. ಫ್ರಾನ್ಸ್ ಮೂಲದ ಈ ಪದ್ಧತಿಯ ಸವಾರಿಗಳು ಬೆಂಗಳೂರಿನಲ್ಲೂ ನಡೆಯುತ್ತವೆ. 200 ಕಿ.ಮೀ. ಪೂರೈಸಲು ಹದಿಮೂರೂವರೆ ಗಂಟೆ ಕಾಲಾವಕಾಶ ಉಂಟು. ಅಂದರೆ ವಿಶ್ರಾಂತಿಯ ಹೊತ್ತೂ ಸೇರಿ ಸರಾಸರಿ ಗಂಟೆಗೆ 15 ಕಿ.ಮೀ.ಗಿಂತ ಕಡಿಮೆ. ಇಲ್ಲಿ ಮೊದಲಿಗ ಯಾರೆಂದು ಯಾರೂ ಕೇಳುವುದಿಲ್ಲ.

ಇಳಿಯುವಾಗ ಎಚ್ಚರ

ಏರು ದಣಿಸುತ್ತದೆ, ಇಳಿಜಾರು ಕೆಡವುತ್ತದೆ. ತಪ್ಪಲಿನ ಸಣ್ಣ ಇಳಿಜಾರಿನಲ್ಲೂ ತುಳಿಯದೆಯೇ 40 ಕಿ.ಮೀ. ವೇಗ ತಲುಪುವುದು ಕಷ್ಟವಲ್ಲ. ಆ ವೇಗದಲ್ಲಿ ಸೈಕಲ್ ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಅಪಾಯ ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು, ನಂತರ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 15 ಮೀಟರ್. ಒಟ್ಟು 26 ಮೀಟರ್ ಬೇಕು. 20 ಕಿ.ಮೀ. ವೇಗದಲ್ಲಾದರೆ 10 ಮೀಟರ್ ಒಳಗೇ ನಿಲ್ಲಬಹುದು. ತಿರುವಿನಾಚೆ ಎಷ್ಟು ದೂರ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲಬಲ್ಲ ವೇಗವೇ ಸರಿಯಾದ ವೇಗ.

ಬ್ರೇಕನ್ನು ತಿರುವಿಗೆ ಮುನ್ನ ಹಿಡಿಯಬೇಕು, ತಿರುವಿನ ನಡುವೆ ಅಲ್ಲ. ನಿಲ್ಲಿಸುವ ಬಲ ಮುಂದಿನ ಬ್ರೇಕಿನಲ್ಲಿ ಹೆಚ್ಚು. ಅದನ್ನು ಒಮ್ಮೆಲೇ ಬಿಗಿಹಿಡಿಯದೆ, ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹಂತಹಂತವಾಗಿ ಬಳಸುವುದು ಕ್ರಮ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಸದಾ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ. ಹಾಗಾಗಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಟಯರ್ ಕೂಡ ಮುಖ್ಯ. ತೀರಾ ತೆಳುವಾದ ಟಯರ್‌ಗಿಂತ 28ರಿಂದ 32 ಮಿಲಿಮೀಟರ್ ಅಗಲದ ಟಯರ್ ನಮ್ಮ ಹಳ್ಳಿ ರಸ್ತೆಗಳಿಗೆ ಹೊಂದುತ್ತದೆ.

ಕಣಿವೆಯ ಗಾಳಿ, ನಸುಕಿನ ಮಂಜು

ತಪ್ಪಲಿನ ಹವೆಗೆ ತನ್ನದೇ ದಿನಚರಿ ಇದೆ. ರಾತ್ರಿ ಗುಡ್ಡದ ಮೈ ಬೇಗ ತಣಿದು, ಅದನ್ನು ತಾಗಿದ ತಂಪುಗಾಳಿ ಭಾರವಾಗಿ ಕಣಿವೆಗೆ ಇಳಿದು ತಂಗುತ್ತದೆ. ಚಳಿಗಾಲದ ನಸುಕಿನಲ್ಲಿ ಕೆರೆಯ ಅಂಗಳದಲ್ಲಿ ದಟ್ಟ ಮಂಜು, ದಿಣ್ಣೆಯ ಮೇಲೆ ತಿಳಿ ಆಕಾಶ ಕಾಣುವುದು ಇದರಿಂದಲೇ. ಬಿಸಿಲೇರಿದಂತೆ ಗುಡ್ಡ ಕಾದು ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸತೊಡಗುತ್ತದೆ.

ಇದರಿಂದ ಸವಾರನಿಗೆ ತಿಳಿಯಬೇಕಾದದ್ದು ಎರಡು. ನವೆಂಬರ್‌ನಿಂದ ಜನವರಿಯವರೆಗೆ ಬೆಳಕು ಹರಿದ ಮೇಲೆಯೂ ತಗ್ಗಿನಲ್ಲಿ ಮಂಜು ಇರುತ್ತದೆಯಾದ್ದರಿಂದ ಹಿಂದೆ ಕೆಂಪು, ಮುಂದೆ ಬಿಳಿ ದೀಪ ಉರಿಯುತ್ತಿರಲೇಬೇಕು. ಇನ್ನು, ಬೆಳಗ್ಗೆ ಬೆಟ್ಟದತ್ತ ಸಾಗಿ ಬಿಸಿಲೇರಿದ ಮೇಲೆ ಮರಳುವವರಿಗೆ ಎರಡೂ ಬಾರಿ ಎದುರುಗಾಳಿ ಸಿಗುವ ಸಂಭವವಿದೆ. ಮರಳುವ ದಾರಿಗೆಂದು ಒಂದಿಷ್ಟು ಶಕ್ತಿ, ನೀರು ಉಳಿಸಿಕೊಳ್ಳುವುದು ಜಾಣತನ.

ಒಕ್ಕಣೆ, ನಾಯಿ, ಉಬ್ಬು

ಹಳ್ಳಿಯ ರಸ್ತೆ ಕೇವಲ ರಸ್ತೆಯಲ್ಲ. ಅದು ಕಣವೂ ಹೌದು, ಅಂಗಳವೂ ಹೌದು. ರಾಗಿ, ಹುರುಳಿ ಕಟಾವಿನ ಕಾಲದಲ್ಲಿ ರೈತರು ತೆನೆಗಳನ್ನು ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುವುದು ಈ ಭಾಗದಲ್ಲಿ ವಾಡಿಕೆ. ಕಾರು ಅದರ ಮೇಲೆ ಸಲೀಸಾಗಿ ಹಾಯುತ್ತದೆ. ಸೈಕಲ್ಲಿನ ತೆಳು ಚಕ್ರ ಜಾರುತ್ತದೆ, ಹುರುಳಿಯ ಬಳ್ಳಿ ಚೈನಿಗೆ, ಗಿಯರಿಗೆ ಸುತ್ತಿಕೊಳ್ಳುತ್ತದೆ. ಇಂತಹ ಕಡೆ ಇಳಿದು, ಸೈಕಲ್ಲನ್ನು ಎತ್ತಿಕೊಂಡು ಬದಿಯಿಂದ ನಡೆಯುವುದೇ ಮೇಲು.

ಸುಣ್ಣ ಬಳಿಯದ, ಫಲಕವಿಲ್ಲದ ರಸ್ತೆ ಉಬ್ಬುಗಳು ಇನ್ನೊಂದು ಅಪಾಯ. ಶಾಲೆ, ಗುಡಿ, ಹಾಲಿನ ಡೈರಿ ಕಂಡಲ್ಲಿ ಉಬ್ಬು ಇದೆ ಎಂದೇ ತಿಳಿದು ವೇಗ ತಗ್ಗಿಸಬೇಕು. ನಾಯಿಗಳು ಓಡುವ ಚಕ್ರವನ್ನು ಅಟ್ಟುತ್ತವೆ. ಸೈಕಲ್ ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ಬಹುತೇಕ ನಾಯಿಗಳು ಆಸಕ್ತಿ ಕಳೆದುಕೊಳ್ಳುತ್ತವೆ. ಕಚ್ಚಿದ್ದೇ ಆದರೆ ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಇದರಲ್ಲಿ ಉದಾಸೀನ ಪ್ರಾಣಕ್ಕೆ ಎರವಾದೀತು.

ಘಟ್ಟದ ದಾರಿಯ ನಿಯಮವೇ ಬೇರೆ

ಬಯಲುಸೀಮೆಯ ತಪ್ಪಲಿನಲ್ಲಿ ಪಳಗಿದವರು ಸಹ್ಯಾದ್ರಿಯತ್ತ ಕಣ್ಣು ಹಾಯಿಸುವುದು ಸಹಜ. ಆದರೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳು ಕರಾವಳಿಯನ್ನು ಒಳನಾಡಿಗೆ ಬೆಸೆಯುವ ಮುಖ್ಯ ರಸ್ತೆಗಳು. ಅದರಲ್ಲೂ ಶಿರಾಡಿಯಲ್ಲಿ ಹಗಲಿರುಳು ಲಾರಿ, ಟ್ಯಾಂಕರ್‌ಗಳ ಸಾಲು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಎಷ್ಟು ಸುಂದರವೋ ಬಸ್ಸುಗಳು ತಿರುಗುವಾಗ ಅಷ್ಟೇ ಇಕ್ಕಟ್ಟು. ಇವುಗಳಿಗೆ ಹೋಲಿಸಿದರೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ಬಿಸಿಲೆ ಘಾಟಿ ಪ್ರಶಾಂತ.

ಮಳೆಗಾಲದಲ್ಲಿ ಘಟ್ಟದ ಸವಾರಿ ಸಲ್ಲದು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಬಂದ್ ಆದದ್ದು ಹಲವರಿಗೆ ನೆನಪಿರಬಹುದು. ಮಳೆ ನಿಂತು, ರಸ್ತೆಯ ಪಾಚಿ ಒಣಗುವ ನವೆಂಬರ್ ನಂತರದ ತಿಂಗಳುಗಳು ಸೂಕ್ತ.

ಅರಣ್ಯದೊಳಗಿನ ರಸ್ತೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧ ಜಾರಿಗೆ ಬಂತು. ಹಗಲಿನಲ್ಲೂ ಇಲ್ಲಿ ಸದ್ದಿಲ್ಲದಿರುವುದೇ ಅಪಾಯ. ಎಂಜಿನ್ ಸದ್ದು ಕೇಳಿ ಆನೆ ಸರಿದುಕೊಳ್ಳುತ್ತದೆ. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಲ್ಲಿ ಇಬ್ಬರಿಗೂ ದಿಗಿಲು. 2008ರಿಂದ ನಡೆದುಬಂದಿರುವ 'ಟೂರ್ ಆಫ್ ನೀಲಗಿರೀಸ್'ನಂತಹ ಸವಾರಿಗಳು ದೊಡ್ಡ ಗುಂಪಿನಲ್ಲಿ, ಬೆಂಗಾವಲು ವಾಹನಗಳೊಡನೆ ಸಾಗುತ್ತವೆ. ಅದನ್ನು ಕಂಡು ಒಂಟಿಯಾಗಿ ಕಾಡಿನ ರಸ್ತೆಗೆ ಇಳಿಯುವ ಸಾಹಸ ಬೇಡ.

ಈ ರಸ್ತೆಗಳು ಉಳಿಯುವುವೇ?

ನಗರ ಬೆಳೆದಂತೆ ಪ್ರಶಾಂತ ರಸ್ತೆಗಳು ಹಿಂದೆ ಸರಿಯುತ್ತಿವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ರಸ್ತೆಯ ಭಾಗ 2024ರಲ್ಲಿ ಉದ್ಘಾಟನೆಯಾಯಿತು. ಇದರಿಂದ ಲಾರಿಗಳು ನಗರದೊಳಗೆ ನುಗ್ಗುವುದು ತಪ್ಪುತ್ತದೆ ಎಂಬುದು ನಿಜ. ಜೊತೆಗೇ ಅದರ ಎರಡೂ ಬದಿಯಲ್ಲಿ ಬಡಾವಣೆ, ಗೋದಾಮುಗಳು ತಲೆಯೆತ್ತಿದಾಗ ಕೂಡುರಸ್ತೆಗಳಾದ ಹಳ್ಳಿ ರಸ್ತೆಗಳು ಅಗಲವಾಗುತ್ತವೆ. ರಸ್ತೆ ಅಗಲವಾದೊಡನೆ ವೇಗವೂ ಏರುತ್ತದೆ.

ಇದರಿಂದ ಮೊದಲು ತೊಂದರೆಗೊಳಗಾಗುವವರು ಭಾನುವಾರದ ಸವಾರರಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟ ವೃದ್ಧ, ಸರ್ಕಾರಿ ಶಾಲೆಗೆ ಸೈಕಲ್ ತುಳಿಯುವ ವಿದ್ಯಾರ್ಥಿನಿ, ಮೇಯಿಸಲು ಕುರಿ ಅಟ್ಟಿಕೊಂಡು ಹೊರಟವರು ದಿನವೂ ಇದೇ ರಸ್ತೆಯನ್ನು ನಂಬಿದ್ದಾರೆ. ರಾಜ್ಯಕ್ಕೆ ಕೀರ್ತಿ ತಂದ ರಸ್ತೆ ಸೈಕ್ಲಿಂಗ್ ಪಟುಗಳಲ್ಲಿ ಬಹಳಷ್ಟು ಮಂದಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಬಂದವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಹಳ್ಳಿಯ ರಸ್ತೆಯಲ್ಲಿ ನಿರ್ಭಯವಾಗಿ ತುಳಿಯಲು ಸಾಧ್ಯವಿದ್ದರೆ ಮಾತ್ರ ಅಂತಹವರು ಮೂಡಿಬರುತ್ತಾರೆ.

ರಸ್ತೆ ಅಗಲಗೊಳಿಸುವಾಗ ಡಾಂಬರಿನ ಅಂಚಿನಾಚೆ ಒಂದೂವರೆ ಮೀಟರ್ ಗಟ್ಟಿ ನೆಲ ಬಿಡುವುದು, ಉಬ್ಬುಗಳಿಗೆ ಬಣ್ಣ ಬಳಿಯುವುದು, ಕಲ್ಲು ಲಾರಿಗಳಿಗೆ ನಿಗದಿತ ದಾರಿ ಗೊತ್ತುಪಡಿಸುವುದು ಮುಂತಾದವು ಅಪಾರ ವೆಚ್ಚದ ಕೆಲಸಗಳಲ್ಲ. ಇವುಗಳಿಂದ ಹಳ್ಳಿಗರಿಗೂ ಸವಾರರಿಗೂ ಸಮಾನ ಪ್ರಯೋಜನ. ಬೇಡಿಕೆ ಗ್ರಾಮ ಪಂಚಾಯಿತಿಯ ಮೂಲಕ ಬಂದರೆ ಅದಕ್ಕೆ ತೂಕವೂ ಹೆಚ್ಚು.

ಸವಾರರ ಕಡೆಯಿಂದಲೂ ಒಂದು ಕರ್ತವ್ಯವಿದೆ. ಇಬ್ಬಿಬ್ಬರು ಸಾಲಾಗಿ ರಸ್ತೆ ತುಂಬ ಸಾಗುವುದು, ಊರೊಳಗೆ ಗಟ್ಟಿಯಾಗಿ ಕೂಗುವುದು, ತೋಟದ ದ್ರಾಕ್ಷಿಗೆ ಕೈಹಾಕುವುದು, ತಿಂಡಿಯ ಪ್ಲಾಸ್ಟಿಕ್ ಹೊದಿಕೆ ಎಸೆಯುವುದು ಒಮ್ಮೆ ನಡೆದರೂ ಹಿಂದೆ ಬರುವ ಎಲ್ಲ ಸವಾರರ ಮೇಲೆ ಅದರ ಹೊರೆ ಬೀಳುತ್ತದೆ. ಊರಿನ ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿದು, ಎದುರಾದವರಿಗೆ ನಮಸ್ಕಾರ ಹೇಳಿ ಸಾಗಿದರೆ ಪಂಕ್ಚರ್ ಆದ ದಿನ ಅದೇ ಊರು ನೆರವಿಗೆ ಬರುತ್ತದೆ.

ಹೊರಡುವ ಮುನ್ನ

* ಒಂದು ಹೆಚ್ಚುವರಿ ಟ್ಯೂಬ್, ಪಂಪು, ಟಯರ್ ಬಿಚ್ಚುವ ಕಡ್ಡಿ ಜೊತೆಗಿರಲಿ. ತಪ್ಪಲಿನ ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಸಿಕ್ಕರೂ ಗಿಯರ್ ಸೈಕಲ್ಲಿನ ತೆಳು ಟ್ಯೂಬ್ ಸಿಗುವುದು ಅಪರೂಪ.

* ಎರಡು ಬಾಟಲಿ ನೀರು, ಒಂದಕ್ಕೆ ಚಿಟಿಕೆ ಉಪ್ಪು ಹಾಗೂ ಸಕ್ಕರೆ. ಬಾಳೆಹಣ್ಣು, ಕಡಲೆ ಚಿಕ್ಕಿ ಸಾಕು. ಹಸಿವಾಗುವ ಮುನ್ನವೇ ತಿನ್ನಬೇಕು.

* ಹೆಲ್ಮೆಟ್ ತಪ್ಪದೆ ಧರಿಸಿ. ದೀಪಗಳನ್ನು ಹಗಲಿನಲ್ಲೂ ಉರಿಸಿ. ಬಟ್ಟೆ ಎದ್ದು ಕಾಣುವ ಬಣ್ಣದ್ದಾಗಿರಲಿ.

* ಕಿವಿಗೆ ಹಾಡು ಕೇಳುವ ಸಾಧನ ಬೇಡ. ಹಿಂದಿನಿಂದ ಬರುವ ವಾಹನದ ಮೊದಲ ಸುಳಿವು ಕಿವಿಗೇ ಸಿಗುವುದು.

* ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ತಿಳಿಸಿ. ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108.

* ಮೊದಲ ಬಾರಿ 30ರಿಂದ 40 ಕಿ.ಮೀ. ಮೀರದಿರಲಿ. ಅದರಲ್ಲಿ ಒಟ್ಟು ಏರು 300 ಮೀಟರ್ ದಾಟದಿರಲಿ.

ಇಷ್ಟು ಸಿದ್ಧತೆಯೊಂದಿಗೆ ಹೊರಟವರಿಗೆ ಶಿಖರ ಅನಿವಾರ್ಯವಲ್ಲ. ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಹಾಕಿ, ಬಿಸಿಲು ಚುರುಕಾಗುವ ಮುನ್ನ ಮನೆ ಸೇರಿದರೆ ಭಾನುವಾರ ಸಾರ್ಥಕ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಅದರ ಬುಡದ ಕಿರುರಸ್ತೆಗಳ ಬಗ್ಗೆ ಮಾತ್ರ ಆ ಭರವಸೆ ಕೊಡುವಂತಿಲ್ಲ.